ಗಡಿಯ ಆರ್ಡರು, ಬೀದಿಯ ಅಂಗನವಾಡಿ

ಅಂಗನವಾಡಿಗೆ ಬೀಗ ಬಿದ್ದಿತ್ತು. ಬಾಗಿಲಿಗೆ ಅಂಟಿಸಿದ್ದ ತಮಿಳು ಚೀಟಿಯಲ್ಲಿ ಒಂದಕ್ಷರವೂ ನನಗೆ ಓದಲು ಬರಲಿಲ್ಲ. ಡಿಪ್ಲೊಮಾ ಮುಗಿಸಿದವಳು ನಾನು. ಚಳ್ಳಕೆರೆಯಿಂದ ಹೊಸೂರಿಗೆ ಬಂದ ಎರಡನೇ ವಾರಕ್ಕೇ ಓದು ಬಾರದವಳಾಗಿದ್ದೆ. ಸೊಂಟದ ಮೇಲೆ ಮೂರು ವರ್ಷದ ಮಗಳು, ಕೈಯಲ್ಲಿ ಊಟದ ಡಬ್ಬಿ. ಕಂಪನಿ ಬಸ್ಸಿಗೆ ಹತ್ತು ನಿಮಿಷವಿತ್ತು.

ಎದುರು ಮನೆಯ ಮುನಿಯಮ್ಮ ಬಂದು ಓದಿ ಹೇಳಿದರು. ಅವರು ಇಲ್ಲೇ ಹತ್ತಿರದ ಕೆಲಮಂಗಲದ ಕಡೆಯವರು. "ವಿಡುಮುರೈ ಅಂತ ಬರ್ದವ್ರೆ. ರಜಾ ಕಣಮ್ಮ. ಒಬ್ಳೇ ಟೀಚರು ಮೂರು ಕಡೆ ನೋಡ್ಕೋಬೇಕು, ಅವ್ಳಾದ್ರೂ ಏನ್ ಮಾಡ್ತಾಳೆ? ಮಗೀನ ನನ್ನತ್ರ ಬಿಟ್ಟೋಗು."

ಪರಿಚಯವಾಗಿ ಎಂಟು ದಿನವೂ ಆಗಿರದ ಕೈಗೆ ಮಗಳನ್ನು ಕೊಟ್ಟು ಓಡಿದೆ. ಊರಿನಲ್ಲಿ ಅಂಗನವಾಡಿ ಮುಚ್ಚಿದರೆ ಅತ್ತೆ ಇದ್ದರು, ಓರಗಿತ್ತಿ ಇದ್ದಳು. ಇಲ್ಲಿ ಒಂದೇ ಕೋಣೆಯ ಮನೆ, ಬೇರೆ ಶಿಫ್ಟಿನ ಗಂಡ. ಮುನಿಯಮ್ಮ ಸೊಪ್ಪಿನವಳ ಹತ್ತಿರ ತೆಲುಗು, ಕರೆಂಟಿನವನ ಹತ್ತಿರ ತಮಿಳು, ನನ್ನ ಹತ್ತಿರ ಕನ್ನಡ ಆಡುತ್ತಿದ್ದರು. ಆ ಮೂರನೆಯದೇ ನನ್ನನ್ನು ಉಳಿಸಿತು.

ಅದೇ ತಿಂಗಳು ದೇಶದ ಗಡಿಯಲ್ಲಿ ಕದನ ಶುರುವಾಯಿತು. ನಮ್ಮ ಕಾರ್ಖಾನೆಗೆ ಫಿರಂಗಿ ಗುಂಡಿಗೆ ತೊಡಿಸುವ ತಾಮ್ರದ ಪಟ್ಟಿಗಳ ಆರ್ಡರು ಬಂದು ಭಾನುವಾರವೂ ಕೆಲಸವಾಯಿತು. ಅಳತೆ ನೋಡಿ ಪಾಸು ಮಾಡುವವಳು ನಾನು. ನನ್ನಣ್ಣ ಸೈನ್ಯದಲ್ಲಿದ್ದಾನೆ, ಒಂದೊಂದು ಪಟ್ಟಿಯನ್ನೂ ಎರಡೆರಡು ಸಲ ನೋಡುತ್ತಿದ್ದೆ. ಇತ್ತ ಅಂಗನವಾಡಿ ವಾರಕ್ಕೆರಡು ದಿನ ತೆರೆದರೆ ಹೆಚ್ಚು. ಮುನಿಯಮ್ಮನೂ ಊರಲ್ಲಿಲ್ಲದಾಗ ಎರಡು ಬಾರಿ ರಜೆ ಹಾಕಿದ್ದೆ. ಮೂರನೆಯದಕ್ಕೆ ಕೆಲಸ ಉಳಿಯುವುದಿಲ್ಲವೆಂದು ಸೂಪರ್‌ವೈಸರ್ ಮೊದಲೇ ಹೇಳಿದ್ದರು.

ವಾರ್ಡಿನ ಸಭೆಯಲ್ಲಿ ಇನ್ನೊಬ್ಬ ಟೀಚರನ್ನು ಕೊಡಿ ಎಂದು ಕೇಳಿದೆವು. "ನಿಧಿ ಇಲ್ಲೈಮ್ಮಾ," ಎಂದರು ಅಧಿಕಾರಿ. ನಿಧಿಯೆಂದಾಗ ನನಗೆ ಮೊದಲು ಹೊಳೆದದ್ದು ಹೂತಿಟ್ಟ ಚಿನ್ನ. ಅವರು ಹೇಳಿದ್ದು ಸರ್ಕಾರದ ಹಣ. ಯುದ್ಧದ ಸಮಯ, ಮೊದಲು ಗಡಿ, ಆಮೇಲೆ ಇದೆಲ್ಲ ಎಂದು ಅವರು ಹೇಳಿದ್ದನ್ನು ಮುನಿಯಮ್ಮ ಕನ್ನಡಕ್ಕೆ ತಂದರು.

ನಾನು ಎದ್ದು ನಿಂತೆ. "ಸಾರ್, ಗಡಿಗೆ ಹೋಗೋ ಸಾಮಾನಿನ ಅಳತೆ ನೋಡೋಳು ನಾನೇ. ನಮ್ಮಣ್ಣನೂ ಅಲ್ಲೇ ಇದಾನೆ. ಅದಕ್ಕೆ ದುಡ್ಡು ಕೊಡಬೇಡಿ ಅನ್ನಲ್ಲ. ಮಗು ನೋಡ್ಕೊಳ್ಳೋರಿಲ್ದೆ ನಾನು ಮನೇಲಿ ಕೂತ್ರೆ ಆ ಕೆಲಸ ಯಾರು ಮಾಡ್ತಾರೆ?"

ಅವರಿಗೆ ಕನ್ನಡ ತಿಳಿಯುತ್ತಿತ್ತು. "ಓಟು ಎಲ್ಲಿದೆ?" ಎಂದು ಕೇಳಿದರು.

"ಚಳ್ಳಕೆರೆಯಲ್ಲಿ."

ಅವರು ಮುಂದಿನ ಅರ್ಜಿ ಎತ್ತಿಕೊಂಡರು.

"ನನ್ ಓಟು ಇಲ್ಲೇ ಐತಲ್ಲ," ಎಂದರು ಮುನಿಯಮ್ಮ ಹೊರಗೆ ಬಂದ ಮೇಲೆ. ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಅವರು ಪ್ರತಿ ಸೋಮವಾರ ಆಫೀಸಿಗೆ ಹೋದರು. ಎರಡು ತಿಂಗಳಿಗೆ ಒಬ್ಬ ಸಹಾಯಕಿ ಬಂದಳು. ಈಗ ವಾರದಲ್ಲಿ ನಾಲ್ಕು ದಿನ ಬಾಗಿಲು ತೆರೆಯುತ್ತದೆ. ಉಳಿದ ದಿನ ಮಗಳು ಮುನಿಯಮ್ಮನ ಮನೆಯಲ್ಲಿ. ಕದನ ನಿಂತ ಮೇಲೆ ಅಣ್ಣ ಫೋನು ಮಾಡಿದ. ಎಲ್ಲ ಕೇಳಿ, "ಗುಂಡಿಲ್ದೆ ನಾವು ಇಲ್ಲಿ ನಿಲ್ಲೋಕಾಗಲ್ಲ ಕಣೆ. ಆದ್ರೂ ನೀನು ಕೇಳಿದ್ದು ಸರಿ," ಎಂದ.

ಓಟನ್ನು ಇಲ್ಲಿಗೆ ಬದಲಿಸುವ ಅರ್ಜಿ ತುಂಬಿದೆ. ಹಾಗೆ ಮಾಡಿದರೆ ಊರಿನ ಮತದಾರರ ಪಟ್ಟಿಯಿಂದ ಹೆಸರು ಹೋಗುತ್ತದೆ. ವಿಷಯ ತಿಳಿದ ಅತ್ತೆ, "ಅಂದ್ರೆ ಇನ್ನು ಊರಿಗೆ ಬರಂಗಿಲ್ಲೇನು?" ಎಂದರು.

"ಬರ್ತೀನಿ ಅತ್ತೆ," ಎಂದೆ. ನೆಂಟರ ಹಾಗೆ ಬರುತ್ತೇನೆಂದು ಹೇಳಲು ಬಾಯಿ ಬರಲಿಲ್ಲ. ಮಾರನೆಯ ದಿನ ಅರ್ಜಿ ಕೊಟ್ಟು ಕೆಲಸಕ್ಕೆ ಹೋದೆ.