ಬರಿಯ ಮಗ್ಗದ ಸದ್ದು

ಕೂಲಿ ಹೆಚ್ಚಿಸುವವರೆಗೆ ನೇಯುವುದಿಲ್ಲವೆಂದು ಗುಳೇದಗುಡ್ಡದ ಆ ಓಣಿಯ ನೇಕಾರರೆಲ್ಲ ತೀರ್ಮಾನಿಸಿದ್ದರು. ಬೆಂಬಲಿಸಲು ಹೋಗಿದ್ದ ನನಗೆ ಒಂದು ಮನೆಯಿಂದ ಮಾತ್ರ ಮಗ್ಗದ ಸದ್ದು ಕೇಳಿಸಿತು. ಮುಷ್ಕರದ ಮುಂದಾಳು ನೀಲವ್ವ ನನ್ನನ್ನು ಕರೆದುಕೊಂಡು ಒಳಗೆ ಹೋದಳು.

"ಈರಪ್ಪಾ, ನಮ್ಮ ಕೂಡ ಕೈ ಎತ್ತಿ, ಈಗ ಕದ್ದು ಕುಪ್ಪಸದ ಖಣ ನೇಯಾಕ ಹತ್ತೀಯೇನಪಾ?"

ಈರಪ್ಪ ತುಟಿಯ ಮೇಲೆ ಬೆರಳಿಟ್ಟ. ಮಗ್ಗದಲ್ಲಿ ಒಂದೆಳೆ ನೂಲೂ ಇರಲಿಲ್ಲ. ಬರಿಯ ಹಲಗೆಯನ್ನು ಎಳೆದು ಬಡಿಯುತ್ತಿದ್ದ.

"ಕೆಲಸ ನಿಂತದ್ದು ಅವ್ವಗ ಗೊತ್ತಾದ್ರ, ಹುಡುಗರಿಗೆ ಇರಲಿ ಅಂತ ಉಣ್ಣೂದು ಬಿಡ್ತಾಳಕ್ಕಾ," ಎಂದು ಪಿಸುಗುಟ್ಟಿದ.

ಈ ಸದ್ದು ಕೇಳಿ ಉಳಿದವರೂ ಮಗ್ಗಕ್ಕೆ ಕುಳಿತರೆ ಮುಷ್ಕರವೇ ಮುರಿಯುತ್ತಿತ್ತು. ಆದರೂ ನಿಲ್ಲಿಸೆನ್ನಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದ ತಾಯಿಯ ದನಿ ಒಳಗಿನಿಂದ ಬಂತು.

"ಓಣ್ಯಾಗಿನ ಮಗ್ಗೆಲ್ಲಾ ನಿಂತಾವು, ನೀ ಒಬ್ಬಾವ ಯಾಕ ಬಡಿತೀಯೋ ತಮ್ಮಾ? ಕಾಲು ಹೋಗ್ಯಾವ, ಕಿವಿ ಹೋಗಿಲ್ಲ ನನಗ. ಮಂದ್ಯಾಗ ಮಾನ ಕಳೀಬ್ಯಾಡ, ನಿಲ್ಸು."

ಈರಪ್ಪ ಕೈ ಬಿಟ್ಟ. ಒಳಬಾಗಿಲಲ್ಲಿ ನಿಂತು ನೋಡಿದೆ: ಸೊಸೆ ರೊಟ್ಟಿಯ ತಟ್ಟೆ ತಂದಿಟ್ಟಾಗ ಮುದುಕಿ ಅದನ್ನು ಮೊಮ್ಮಕ್ಕಳತ್ತ ಸರಿಸಿ, ಗೋಡೆಯ ಕಡೆಗೆ ಹೊರಳಿ ಮಲಗಿದಳು.

ಮುಷ್ಕರ ಈಗ ಸಂಪೂರ್ಣವೆಂದು ಓಣಿಗೆ ಸಾರುವ ಕೆಲಸ ನನ್ನ ಪಾಲಿಗೆ ಬಂತು. ಊಟ ಮಾಡಿಯೇ ಬಂದಿದ್ದರಿಂದ ನನ್ನ ದನಿ ಗಟ್ಟಿಯಾಗಿಯೇ ಇತ್ತು.