ಪಂಕಜಾ ಲಂಡನ್ ಮುಟ್ಟುವ ತನಕ

ಜಯನಗರದ ಬದರಿನಾಥ ಮೇಷ್ಟ್ರು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ರಿಟೈರಾದವರು. ಸ್ವತಃ ವಿಮಾನ ಹತ್ತಿದವರಲ್ಲ. ಆದರೆ ಯಾವ ಊರಿಂದ ಯಾವ ಊರಿಗೆ ಎಷ್ಟು ಮೈಲಿ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಹಳೆಯ ಗ್ಲೋಬನ್ನು ತೊಡೆಯ ಮೇಲಿಟ್ಟುಕೊಂಡು ಹೂ ಕಟ್ಟುವ ದಾರದಲ್ಲಿ ಅಳೆದೇ ಹೇಳುವರು. ಇಂಥವರು ಸ್ವಂತ ಮಗಳ ವಿಷಯದಲ್ಲೇ ಎಡವಿದರು ನೋಡಿ.

೧೯೬೩ರ ಜನವರಿ. ಮಗಳು ಪಂಕಜಾ ಲಂಡನ್ನಿನಲ್ಲಿ ಓದುತ್ತಿದ್ದ ಗಂಡನ ಬಳಿಗೆ ಹೊರಟಳು. ಬೊಂಬಾಯಿ ತನಕ ರೈಲು, ಅಲ್ಲಿಂದ ವಿಮಾನ. ಅವಳು ಹೊಸ್ತಿಲು ದಾಟಿದ್ದೇ ತಡ, ಮೇಷ್ಟ್ರ ಹೆಂಡತಿ ಸೀತಾಲಕ್ಷ್ಮಿ ಪೊರಕೆಯನ್ನು ಹಿತ್ತಲಲ್ಲಿಟ್ಟರು. ಪ್ರಯಾಣ ಹೋದವರು ಊರು ಮುಟ್ಟುವ ತನಕ ಮನೆ ಗುಡಿಸಬಾರದು. ಮೂರು ದಿನದಲ್ಲಿ ನಡುಮನೆ ತುಂಬ ಅವರೆಕಾಯಿ ಸಿಪ್ಪೆ, ಪಂಕಜಳ ಜಡೆಯಿಂದ ಉದುರಿದ ಸೇವಂತಿಗೆ ಎಸಳು.

"ಕಸಕ್ಕೂ ವಿಮಾನಕ್ಕೂ ಏನೇ ಸಂಬಂಧ?" ಎಂದು ಮೇಷ್ಟ್ರು ನಕ್ಕರು.

"ನಗಿ ನಗಿ. ಹೆತ್ತ ಹೊಟ್ಟೆ ನಂದು. ಅವಳು ಎಷ್ಟೊತ್ತಿಗೆ ಇಳೀತಾಳೆ, ಅದನ್ನ ಹೇಳಿ ಸಾಕು."

ಮೇಷ್ಟ್ರು ಅಳಿಯನ ಕಾಗದ ನೋಡಿದರು. "ಇವತ್ತು ಬೆಳಗ್ಗೆ ಆರಕ್ಕೆ ಬೊಂಬಾಯಿ ಬಿಟ್ಟಿರುತ್ತೆ, ಹನ್ನೆರಡೂವರೆಗೆ ಲಂಡನ್. ಆಮೇಲೆ ಧಾರಾಳವಾಗಿ ಗುಡಿಸ್ಕೋ."

ಗಡಿಯಾರ ಹನ್ನೆರಡೂವರೆ ಬಾರಿಸಿತು. ಸೀತಾಲಕ್ಷ್ಮಿ ಕೈಮುಗಿದು, ಮನೆಯೆಲ್ಲ ಗುಡಿಸಿ, ಕಸವನ್ನು ಹಿತ್ತಲ ಬುಟ್ಟಿಗೆ ತುಂಬಿ, ಪಾಯಸಕ್ಕಿಡಲು ಅಡುಗೆಮನೆಗೆ ಹೋದರು.

ಮೇಷ್ಟ್ರು ಸುಮ್ಮನೆ ಕೂರಲಾರದೆ ದಾರ ಹಿಡಿದರು. ಬೊಂಬಾಯಿಂದ ಲಂಡನ್ನಿಗೆ ನಾಲ್ಕೂವರೆ ಸಾವಿರ ಮೈಲಿ. ಗಂಟೆಗೆ ಐನೂರು ಮೈಲಿಯಂತೆ ಒಂಬತ್ತು ಗಂಟೆ. ನಡುವೆ ಎರಡು ಕಡೆ ಇಳಿದು ಏಳಲು ಮೂರು. ಒಟ್ಟು ಹನ್ನೆರಡು ಗಂಟೆ. ಕಾಗದದ ಪ್ರಕಾರ ಆರೂವರೆಯೇ! ಅಳಿಯ ಬರೆದದ್ದು ಅಲ್ಲಿನ ಗಡಿಯಾರದ ಹನ್ನೆರಡೂವರೆ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಇದನ್ನು ಮರೆತ ಹುಡುಗರ ಕಿವಿಯನ್ನು ಅವರು ಎಷ್ಟು ಹಿಂಡಿರಲಿಲ್ಲ! ಇಲ್ಲಿ ಸಂಜೆ ಆರಾಗುವ ತನಕ ಪಂಕಜಾ ಇಳಿಯುವಂತಿಲ್ಲ.

ಎದ್ದವರೇ ಹಿತ್ತಲಿನ ಬುಟ್ಟಿ ತಂದು ಕಸವನ್ನು ನಡುಮನೆಯಲ್ಲಿ ಹರಡತೊಡಗಿದರು. ಸಿಪ್ಪೆ ಅಡುಗೆಮನೆ ಬಾಗಿಲಲ್ಲಿ, ಎಸಳು ಕಿಟಕಿಯ ಕೆಳಗೆ, ಮೊದಲು ಎಲ್ಲಿತ್ತೋ ಅಲ್ಲಿಯೇ.

ಸೌಟು ಹಿಡಿದು ಬಂದ ಸೀತಾಲಕ್ಷ್ಮಿ ದಂಗಾದರು. "ಏನ್ರೀ ಇದು, ಬುದ್ಧಿ ನೆಟ್ಟಗಿದೆಯಾ?"

"ನಾನು ಹೇಳಿದ ಟೈಮ್ ತಪ್ಪು ಕಣೇ. ಇಲ್ಲಿ ಆರಾದಾಗ ಅಲ್ಲಿ ಹನ್ನೆರಡೂವರೆ. ಮಗು ಇನ್ನೂ ಮೇಲೇ ಇದೆ."

ಆಕೆ ಬುಟ್ಟಿಯನ್ನು ಇಸಿದುಕೊಂಡು, ತಳದಲ್ಲಿ ಉಳಿದ ಧೂಳನ್ನೂ ಮೂಲೆಗೆ ಕೊಡವಿದರು.

ಕ್ಷೇಮವಾಗಿ ಮುಟ್ಟಿದೆನೆಂಬ ಪಂಕಜಳ ತಂತಿ ಬಂದದ್ದು ಮಾರನೆಯ ದಿನ. ಅಂದು ಸಂಜೆ ಅದು ಅವರಿಗೆ ಗೊತ್ತಿರಲಿಲ್ಲ. ಇಬ್ಬರೂ ಕಸದ ನಡುವೆ ಗಡಿಯಾರ ನೋಡುತ್ತ ಕೂತಿದ್ದರು. ಆರು ಬಾರಿಸಿತು. ದೀಪ ಹಚ್ಚುವ ಮುಂಚೆ ಗುಡಿಸಿಬಿಡೋಣವೆಂದು ಸೀತಾಲಕ್ಷ್ಮಿ ಪೊರಕೆ ಎತ್ತಿಕೊಂಡರು. ಮೇಷ್ಟ್ರು ಅವರ ಕೈ ಹಿಡಿದರು.

"ಯಾಕ್ರೀ? ನೀವು ಇದನ್ನೆಲ್ಲ ನಂಬಲ್ಲವಲ್ಲ?"

"ನಂಬಲ್ಲ ಕಣೇ. ಆದ್ರೂ ಇನ್ನೊಂದು ಹತ್ತು ನಿಮಿಷ ತಡಿ. ವಿಮಾನ ಲೇಟಾಗಿದ್ರೆ?"