ಭಂಡಾರದ ಕೇಬಲ್, ಕುಂಕುಮದ ಕೇಬಲ್

೧೯೯೯, ಜನವರಿ ೧೭, ಭಾನುವಾರ. ಮಧ್ಯಾಹ್ನ ಮೂರೂ ಹತ್ತಕ್ಕೆ ಕಾಲೇಜಿನ ಪತ್ರಿಕೆಗೆ ಇದನ್ನು ಬರೆಯಲು ಕೂತೆ.

ನಮ್ಮ ಸರ್ ಅವರ ಬಲಗೈ ಹೆಬ್ಬೆರಳು ಯಾವಾಗಲೂ ಹಳದಿ. ಕರಜಗಿಯ ಕುರಿಗಾರರ ಮನೆತನ. ಬೆಳಿಗ್ಗೆ ಬೀರೋಬ ದೇವರ ಅರಿಸಿನಪುಡಿ, ಅಂದರೆ ಭಂಡಾರ, ಹಚ್ಚಿಕೊಂಡೇ ಎಸ್‌ಟಿ ಬಸ್ಸು ಹತ್ತುತ್ತಿದ್ದರು. ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಕಾಲೇಜಿಗೆ ಕಂಪ್ಯೂಟರ್ ನೆಟ್‌ವರ್ಕ್ ಹಾಕಿದವರು ಅವರು. ನಾನು ಅವರ ವಿಭಾಗದ ಹೊಸ ಉಪನ್ಯಾಸಕಿ.

ಆ ನೆಟ್‌ವರ್ಕಿಗೆ ಮೂರು ಹಂತ. ಕೋಣೆಗಳ ಕಂಪ್ಯೂಟರುಗಳನ್ನು ಕೂಡಿಸುವ ಸಣ್ಣ ಪೆಟ್ಟಿಗೆಗಳು ಕೆಳಗೆ, ಇಡೀ ಆವರಣದ ಮುಖ್ಯ ಯಂತ್ರ ಮೇಲೆ, ನಡುವೆ ಸ್ವಿಚ್ಚು ಎನ್ನುವ ಎರಡು ಯಂತ್ರ.

"ಕೆಳಗಿಂದು ಕೂಡಸ್ಬೇಕು, ಮ್ಯಾಲಿಂದು ಓಡಬೇಕು, ನಡುವಿಂದು ತಡೀಬೇಕು ನೋಡ ತಂಗಿ," ಎನ್ನುತ್ತಿದ್ದರು. "ಒಂದು ಕುರಿ ಬೆದರಿದ್ರ ಹಿಂಡೆಲ್ಲಾ ಬೆದರತೈತಿ. ನಡುವ ಒಬ್ಬಾಂವ ನಿಂದರಬೇಕು."

ಪ್ರತಿ ಕಟ್ಟಡದಿಂದ ಎರಡೂ ಸ್ವಿಚ್ಚಿಗೆ ಒಂದೊಂದು ಕೇಬಲ್. ಒಂದು ಕೆಟ್ಟರೆ ಇನ್ನೊಂದು. ಗುರುತಿಗಾಗಿ, ಕುರಿಗೆ ಬಣ್ಣ ಹಚ್ಚುವಂತೆ, ಮೊದಲನೆಯದರ ಕೇಬಲ್ಲುಗಳಿಗೆ ಭಂಡಾರ, ಎರಡನೆಯದಕ್ಕೆ ಕುಂಕುಮ ಒತ್ತಿದ್ದರು.

ಆದರೆ ಕಾಲೇಜು ಎರಡೂ ಸ್ವಿಚ್ಚುಗಳನ್ನು ಒಂದೇ ಕೋಣೆಯಲ್ಲಿ ಇಡಿಸಿತು, ನೀರಿನ ಟಾಕಿಯ ಕೆಳಗೆ. ಅಂದಿನಿಂದ ಸರ್ ನಿರುಮ್ಮಳವಾಗಿರಲಿಲ್ಲ. ಛಾವಣಿಯ ಒದ್ದೆ ಕಲೆಯನ್ನು ದಿನಾ ನೋಡಿ ಬರುತ್ತಿದ್ದರು.

"ಇಬ್ಬರೂ ಕಾವಲಿನವ್ರನ್ನ ಒಂದ ಕಂಬಳ್ಯಾಗ ಮಲಗಿಸೀರಲ್ರಿ ಸಾಹೇಬ್ರ. ಒಂದನ್ನರ ಲೈಬ್ರರಿಗೆ ಒಯ್ಯೂಣ್ರಿ."

ಪ್ರಾಚಾರ್ಯರು ನಕ್ಕರು. "ಕುರಿ ಬಿಟ್ರೂ ಕಂಬಳಿ ಬಿಡಲಿಲ್ಲ ನೋಡ್ರಿ ನೀವು. ದಿವಾಳಿ ಸೂಟಿ ಬರಲಿ, ಬಘೂ, ನೋಡೂಣಂತ."

ಕಳೆದ ಸೆಪ್ಟೆಂಬರ್ ಹದಿನಾಲ್ಕರಂದು ಕಲೆ ಅಂಗೈಯಷ್ಟು, ಇಪ್ಪತ್ತೊಂದರಂದು ಊಟದ ತಟ್ಟೆಯಷ್ಟು ಎಂದು ನನ್ನ ದಿನಚರಿಯಲ್ಲಿದೆ.

ಇಪ್ಪತ್ತೆಂಟು, ಸೋಮವಾರ. ರಾತ್ರಿಯಿಡೀ ಮಳೆ ಸುರಿದಿತ್ತು. ಹನ್ನೊಂದು ಗಂಟೆಗೆ ಎಲ್ಲ ಕಟ್ಟಡಗಳ ಕಂಪ್ಯೂಟರುಗಳೂ ಒಮ್ಮೆಲೇ ಸ್ತಬ್ಧವಾದವು. ನಾವು ಓಡಿದೆವು. ಕೋಣೆಯ ನೆಲದ ತುಂಬ ನೀರು. ಎರಡೂ ಸ್ವಿಚ್ಚಿನ ಮೇಲೆ ಛಾವಣಿ ಸೋರುತ್ತಿತ್ತು.

"ಕರೆಂಟಿನ ಮೇನ್ ಇಳಿಸ್ಯಾರಂತ. ನೀ ಇಲ್ಲೇ ನಿಂದರು ತಂಗಿ," ಎಂದರು. ಯಂತ್ರದ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗುವುದು ಅವರ ರೂಢಿ. ಅಂದೂ ಬಿಟ್ಟರು.

ಮೇನ್ ಇಳಿಸಿರಲಿಲ್ಲ.

ಈಗ ಒಂದು ಸ್ವಿಚ್ಚು ಲೈಬ್ರರಿಯಲ್ಲಿದೆ. ಅದರ ಹೊಸ ಕೇಬಲ್ಲುಗಳಿಗೆ ಕುಂಕುಮ ಒತ್ತಿದವಳು ನಾನು. ಹಳೆಯ ಕೋಣೆಯ ಕೇಬಲ್ಲುಗಳ ಮೇಲೆ ಅವರ ಹಳದಿ ಹೆಬ್ಬೆರಳಿನ ಗುರುತು ಹಾಗೆಯೇ ಇದೆ. ಯಾರಿಗೂ ಒರೆಸಲು ಬಿಟ್ಟಿಲ್ಲ.

ಮೇನ್ ಇಳಿಸಿದ್ದಾರೆ ಎಂದು ಅಂದು ಸರ್‌ಗೆ ಹೇಳಿದವರು ಯಾರು? ಕೇಳಿದವರೆಲ್ಲ "ನಾ ಅಲ್ರಿ" ಎನ್ನುತ್ತಾರೆ. ಗೊತ್ತಿದ್ದವರು ಈ ಪತ್ರಿಕೆಗೆ ಎರಡು ಸಾಲು ಬರೆದು ತಿಳಿಸಿ. ನಿಮ್ಮ ಹೆಸರು ಹಾಕಬೇಕೆಂದಿಲ್ಲ.